ಬಾಗಿಲು ಮುಚ್ಚಿದೆ ಅಂದವರು ಯಾರು?

ಕೊಯಮತ್ತೂರು ಸೀಮೆಯ ನಮ್ಮ ಕಾರಮಡೈಯಲ್ಲಿ ಒಂದು ಮನೆಯ ಮಗನಿಗೋ ಮಗಳಿಗೋ ವೀಸಾ ಕೈಗೆ ಬಂತೆಂದರೆ ಬುದ್ಧಿ ಹೇಳುವವರು ಸಾಲುಗಟ್ಟಿ ಬರುತ್ತಾರೆ. ಚಳಿಗೆ ಏನು ಹಾಕಿಕೊಳ್ಳಬೇಕು, ದುಡ್ಡು ಎಲ್ಲಿ ಇಟ್ಟುಕೊಳ್ಳಬೇಕು ಎಂಬುದೆಲ್ಲ ಮುಗಿದ ಮೇಲೆ ಒಬ್ಬರಾದರೂ ಈ ಮಾತನ್ನು ಹೇಳಿಯೇ ಹೇಳುತ್ತಾರೆ: "ನೋಡು ಕಣ್ಣು, ಅಲ್ಲಿಯೋರು ಯಾರನ್ನೂ ಮನೆಯೊಳಗೆ ಸೇರಿಸೋದಿಲ್ಲ. ಬಾಗಿಲಲ್ಲೇ ನಿಲ್ಲಿಸಿ ನಕ್ಕು ಕಳಿಸ್ತಾರೆ. ಹೋದ ಕೂಡಲೇ ನಮ್ಮೋರು ಎಲ್ಲಿದ್ದಾರೆ ಅಂತ ನೋಡ್ಕೊಂಡು ಅಲ್ಲೇ ಸೇರ್ಕೋ." ಹೇಳುವವರು ದೊಡ್ಡಪ್ಪನೋ ಮಾವನೋ ಪಕ್ಕದ ತೋಟದ ಹಿರಿಯರೋ ಆಗಿರುತ್ತಾರೆ. ಹೆಚ್ಚಿನವರು ವಿಮಾನ ಕಂಡದ್ದು ಪೀಳಮೇಡಿನ ನಿಲ್ದಾಣದಲ್ಲಿ, ಯಾರನ್ನೋ ಕಳಿಸಿಕೊಡಲು ಹೋದಾಗ. ಆದರೂ ಮಾತಿನಲ್ಲಿ ಎಳ್ಳಷ್ಟು ಅನುಮಾನ ಇರುವುದಿಲ್ಲ.

ಹೊರಡುವ ಮಕ್ಕಳ ತಲೆಗೆ ತುಂಬುವ ತಪ್ಪು ತಿಳಿವಳಿಕೆ ಇನ್ನೂ ಬೇಕಾದಷ್ಟಿದೆ. ಅವುಗಳಲ್ಲಿ ಬಹಳಷ್ಟು ಮಾಡುವ ನಷ್ಟ ಸಣ್ಣದು. ನಮ್ಮ ಕಡೆ ಬೆಳೆಯುವ ಕರಿಬೇವಿನ ಘಮ ಎಲ್ಲೂ ಸಿಕ್ಕದು ಎಂದು ಅಮ್ಮಂದಿರು ಹಸಿ ಎಲೆಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಡುತ್ತಾರೆ. ಸ್ವಲ್ಪ ಸೊಪ್ಪಿಗೆ ಯಾರು ಏನು ಹೇಳುತ್ತಾರೆ ಎಂಬ ನಂಬಿಕೆ. ಅಮೆರಿಕಕ್ಕೆ ಹಸಿ ಕರಿಬೇವು ಒಯ್ಯುವಂತಿಲ್ಲ. ಕಿತ್ತಳೆ, ನಿಂಬೆ ಗಿಡಗಳನ್ನು ಹಾಳುಮಾಡುವ ರೋಗವನ್ನು ಹರಡುವ ಕೀಟ ಆ ಎಲೆಯಲ್ಲಿ ಬದುಕುತ್ತದೆ ಎಂಬುದು ಕಾರಣ. ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡು ಎಸೆಯುತ್ತಾರೆ, ಮುಚ್ಚಿಟ್ಟಿದ್ದರೆ ದಂಡವನ್ನೂ ಹಾಕಬಹುದು. ಹೋಗಲಿ, ಕಳೆದುಹೋದದ್ದು ಒಂದು ಹಿಡಿ ಸೊಪ್ಪು. ಆದರೆ 'ಮನೆಯೊಳಗೆ ಸೇರಿಸೋದಿಲ್ಲ' ಎಂಬ ಮಾತು ಓದಲು ಹೋದ ಹುಡುಗನ ಎರಡು ವರ್ಷವನ್ನೇ ನುಂಗಿಹಾಕುತ್ತದೆ. ನನಗೆ ಇದನ್ನು ಸಹಿಸಲು ಆಗುವುದಿಲ್ಲ.

ಈ ಮಾತು ನಿಜವಲ್ಲ. ಹಿಂದೆಯೂ ನಿಜವಾಗಿರಲಿಲ್ಲ.

1888ರಲ್ಲಿ ಹತ್ತೊಂಬತ್ತು ತುಂಬದ ಒಬ್ಬ ಹುಡುಗ ಕಾನೂನು ಓದಲು ಲಂಡನ್ನಿಗೆ ಹೊರಟ. ಕಡಲು ದಾಟಿದರೆ ಕುಲ ಕೆಡುತ್ತದೆ ಎಂದು ಅವನ ಜಾತಿಯ ಮುಖಂಡರು ಮುಂಬಯಿಯಲ್ಲಿ ಸಭೆ ಸೇರಿ ಅವನನ್ನು ಜಾತಿಯಿಂದ ಹೊರಗಿಟ್ಟರು. ಮಾಂಸ, ಮದ್ಯ, ಹೆಣ್ಣು ಮುಟ್ಟುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟಿದ್ದ. ಭಾಷೆ ಅರೆಬರೆ, ನಾಚಿಕೆಯೋ ಮಿತಿಮೀರಿದ್ದು. ಹೋಟೆಲಿನಲ್ಲಿ ಊಟದ ಪಟ್ಟಿ ಫ್ರೆಂಚಿನಲ್ಲಿ ಇದ್ದುದರಿಂದ ಏನು ತಿನ್ನಬಹುದು ಎಂದು ತಿಳಿಯದೆ ಕಂಗಾಲಾಗಿ ಕೂತಿದ್ದಾಗ, ಅದೇ ಮೇಜಿನಲ್ಲಿದ್ದ ವಯಸ್ಸಾದ ವಿಧವೆಯೊಬ್ಬರು ತಾವಾಗಿಯೇ ಮಾತಾಡಿಸಿ, ಪಟ್ಟಿಯಲ್ಲಿ ಮಾಂಸ ಸೇರದ್ದು ಯಾವುದೆಂದು ತೋರಿಸಿಕೊಟ್ಟರು. ಅಲ್ಲಿಗೇ ಮುಗಿಸಲಿಲ್ಲ. ಲಂಡನ್ನಿನ ತಮ್ಮ ವಿಳಾಸ ಕೊಟ್ಟು, ಪ್ರತಿ ಭಾನುವಾರ ತಮ್ಮ ಮನೆಗೆ ಊಟಕ್ಕೆ ಬರಬೇಕೆಂದರು. ಹುಡುಗ ಹೋದ. ಆ ಮನೆಯಲ್ಲಿ ಅವನ ನಾಚಿಕೆ ಬಿಡಿಸಲೆಂದು ಆ ತಾಯಿ ತಮ್ಮ ಬಳಗದ ಹೆಣ್ಣುಮಕ್ಕಳ ಪರಿಚಯವನ್ನೂ ಮಾಡಿಸಿದರು. ಮದುವೆಯಾಗಿ ಮಗುವಿದೆ ಎಂಬುದನ್ನು ಹುಡುಗ ಹೇಳಿರಲಿಲ್ಲ. ಆ ಕಾಲದಲ್ಲಿ ಅಲ್ಲಿ ಓದುತ್ತಿದ್ದ ಮದುವೆಯಾದ ನಮ್ಮ ಹುಡುಗರು ಹೀಗೇ ಬ್ರಹ್ಮಚಾರಿಗಳಂತೆ ನಡೆದುಕೊಳ್ಳುತ್ತಿದ್ದರಂತೆ. ಕೊನೆಗೆ ಮನಸ್ಸು ಚುಚ್ಚಿ, ಎಲ್ಲ ಬಿಡಿಸಿ ಒಂದು ಕಾಗದ ಬರೆದ. ಇನ್ನು ಆ ಮನೆಯ ಋಣ ತೀರಿತು ಎಂದುಕೊಂಡಿರಬೇಕು. ಬಂದ ಉತ್ತರದಲ್ಲಿ ಆ ತಾಯಿ ತಾವು ಮನಸಾರೆ ನಕ್ಕದ್ದಾಗಿಯೂ, ಮುಂದಿನ ಭಾನುವಾರ ತಪ್ಪದೆ ಬಂದು ಬಾಲ್ಯವಿವಾಹದ ಕತೆಯನ್ನು ಹೇಳಬೇಕೆಂದೂ ಬರೆದಿದ್ದರು. ಇದನ್ನು ಗಾಂಧೀಜಿಯವರೇ ತಮ್ಮ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾರೆ. ಪುಸ್ತಕ ನಮ್ಮ ಶಾಲೆ ಗ್ರಂಥಾಲಯಗಳಲ್ಲೆಲ್ಲ ಇದೆ. ಓದಿದವರೂ ಇದ್ದಾರೆ. ಅಷ್ಟಾದರೂ 'ಬಾಗಿಲಲ್ಲೇ ನಿಲ್ಲಿಸ್ತಾರೆ'.

ಗಾಂಧೀಜಿಗೂ ಮೊದಲು, 1883ರಲ್ಲಿ, ಹದಿನೆಂಟು ವರ್ಷದ ಆನಂದಿಬಾಯಿ ಜೋಶಿ ಗಂಡ ಜೊತೆಗಿಲ್ಲದೆ ಅಮೆರಿಕಕ್ಕೆ ಹೊರಟಳು, ವೈದ್ಯಕೀಯ ಓದಲು. ನ್ಯೂಜೆರ್ಸಿಯ ರೋಸೆಲ್ ಎಂಬ ಊರಿನ ಥಿಯೋಡಿಷಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ಡಾಕ್ಟರ ಬಳಿ ತಮ್ಮ ಸರದಿಗೆ ಕಾಯುತ್ತಾ ಒಂದು ಮಿಷನರಿ ಪತ್ರಿಕೆ ತಿರುವಿಹಾಕುತ್ತಿದ್ದಾಗ ಆನಂದಿಬಾಯಿಯ ಓದಿನ ಆಸೆಯ ಬಗ್ಗೆ ಅವಳ ಗಂಡ ಬರೆದಿದ್ದ ಕಾಗದ ಕಣ್ಣಿಗೆ ಬಿತ್ತು. ಕಂಡು ಕೇಳರಿಯದ ಆ ಹುಡುಗಿಗೆ ಅವರು ಕಾಗದ ಬರೆದರು. ವರ್ಷಗಟ್ಟಲೆ ಕಾಗದ ಹೋಗಿ ಬಂದು, ಕೊನೆಗೆ ಆನಂದಿ ಹಡಗಿಳಿದಾಗ ನ್ಯೂಯಾರ್ಕಿನಲ್ಲಿ ಕಾದು ನಿಂತು ಮನೆಗೆ ಕರೆದೊಯ್ದವರೂ ಅವರೇ. 1886ರಲ್ಲಿ ಆನಂದಿ ಡಾಕ್ಟರಾದಳು. ಮರುವರ್ಷವೇ ಇಲ್ಲಿ ತೀರಿಕೊಂಡಳು. ಅವಳ ಚಿತಾಭಸ್ಮವನ್ನು ಕಾರ್ಪೆಂಟರ್ ಅವರಿಗೆ ಕಳಿಸಿಕೊಟ್ಟರು. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ ಕಾರ್ಪೆಂಟರ್ ಮನೆತನದವರ ಸಮಾಧಿಗಳ ನಡುವೆ ಅದನ್ನಿಟ್ಟು ಅವಳ ಹೆಸರಿನ ಕಲ್ಲು ನೆಟ್ಟರು. ಬಾಗಿಲೊಳಗೆ ಸೇರಿಸಿಕೊಳ್ಳುವುದು ಎಂದರೆ ಇದಕ್ಕಿಂತ ಇನ್ನೇನು ಬೇಕು?

ಇಲ್ಲೇ ಇನ್ನೊಂದು ನಂಬಿಕೆ ತಲೆಯೆತ್ತುತ್ತದೆ. ಸೇರಿಸಿಕೊಳ್ಳುವುದಿಲ್ಲ ಎಂದವರೇ, ಸೇರಿಸಿಕೊಂಡ ಕತೆ ಹೇಳಿದಾಗ, "ಅದು ಮತ ಬದಲಾಯಿಸೋಕೆ" ಎನ್ನುತ್ತಾರೆ. ಎರಡು ಮಾತೂ ಒಟ್ಟಿಗೆ ನಿಲ್ಲುವುದಿಲ್ಲ ಎಂಬುದು ಅವರಿಗೆ ತೋಚುವುದೇ ಇಲ್ಲ. ಆನಂದಿಬಾಯಿಯ ವಿಷಯವನ್ನೇ ನೋಡಿ. ಅವಳ ಗಂಡನ ಕಾಗದ ತಲುಪಿದ್ದ ಮಿಷನರಿ, ಕ್ರೈಸ್ತರಾದರೆ ನೆರವು ಕೊಡಬಹುದು ಎಂದು ನೇರವಾಗಿಯೇ ಹೇಳಿದ್ದ. ಗಂಡ ಹೆಂಡತಿ ಒಪ್ಪಲಿಲ್ಲ. ಕಾರ್ಪೆಂಟರ್ ಮುಂದೆ ಬಂದದ್ದು ಆಮೇಲೆ. ಹೊರಡುವ ಮೊದಲು ಬಂಗಾಳದ ಸೆರಾಂಪುರದಲ್ಲಿ ಆನಂದಿ ತುಂಬಿದ ಸಭೆಯಲ್ಲಿ, ಹಿಂದೂವಾಗಿ ಹೋಗಿ ಹಿಂದೂವಾಗಿಯೇ ಮರಳುತ್ತೇನೆ ಎಂದು ಹೇಳಿದಳು, ಹಾಗೇ ಮರಳಿದಳು. ಆ ಅಮೆರಿಕದ ಮನೆ ಅವಳನ್ನು ಇದ್ದಂತೆಯೇ ಇರಗೊಟ್ಟಿತು. ಇಂದಿಗೂ ವಿದೇಶಿ ವಿದ್ಯಾರ್ಥಿಗಳನ್ನು ಮನೆಗೆ ಕರೆಯುವ ಕೆಲವು ಗುಂಪುಗಳನ್ನು ಚರ್ಚುಗಳು ನಡೆಸುತ್ತವೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಕರೆದವರು ಯಾರು ಎಂದು ಕೇಳಿದರೆ ಹೇಳುತ್ತಾರೆ. ಬೇಡವೆನಿಸಿದರೆ ಬೇಡ ಎನ್ನಬಹುದು. ವಿಶ್ವವಿದ್ಯಾಲಯಗಳೇ ನಡೆಸುವ ಕಾರ್ಯಕ್ರಮಗಳಲ್ಲಿ ಆತಿಥೇಯರು ಮತಪ್ರಚಾರ ಮಾಡಕೂಡದು ಎಂದು ನಿಯಮ ಇಟ್ಟಿರುವವೂ ಇವೆ. ಒಂದು ಊಟಕ್ಕೆ ಕರಗಿಹೋಗುವಷ್ಟು ತೆಳುವಾಗಿದೆಯೇ ನಮ್ಮ ಮಕ್ಕಳ ನಂಬಿಕೆ? ಮಗನಿಗೆ ಲಕ್ಷಗಟ್ಟಲೆ ಸಾಲ ಮಾಡಿ ಕಳಿಸುವ ನಾವು ಅವನಿಗೆ ಇಷ್ಟು ಬುದ್ಧಿ ಇದೆ ಎಂದು ನಂಬಬೇಡವೇ?

ಇದೆಲ್ಲ ದೊಡ್ಡವರ ಕತೆ, ಎಲ್ಲರಿಗೂ ಹೀಗಾಗುತ್ತದೆಯೇ ಎನ್ನುವವರಿದ್ದಾರೆ. ಆಗ ಗಾಂಧಿ ಯಾರಿಗೂ ಗೊತ್ತಿಲ್ಲದ ಹುಡುಗ, ಆನಂದಿಬಾಯಿ ಒಬ್ಬ ಅಂಚೆ ಗುಮಾಸ್ತನ ಹೆಂಡತಿ. ದೊಡ್ಡವರಾಗಿದ್ದರಿಂದ ಬಾಗಿಲು ತೆರೆದದ್ದಲ್ಲ. ಜೊತೆಗೆ, ಹೀಗೆ ಮನೆಗೆ ಕರೆಯುವುದು ಈಗ ಒಬ್ಬರಿಬ್ಬರ ಒಳ್ಳೆಯತನಕ್ಕೆ ಬಿಟ್ಟ ವಿಷಯವೂ ಅಲ್ಲ, ಅದಕ್ಕೊಂದು ವ್ಯವಸ್ಥೆಯೇ ಇದೆ. 1932ರಲ್ಲಿ ಡೊನಾಲ್ಡ್ ವಾಟ್ ಎಂಬ ಅಮೆರಿಕನ್ 'ಎಕ್ಸ್‌ಪೆರಿಮೆಂಟ್ ಇನ್ ಇಂಟರ್‌ನ್ಯಾಷನಲ್ ಲಿವಿಂಗ್' ಎಂಬ ಸಂಸ್ಥೆ ಕಟ್ಟಿದರು. ಹೊರನಾಡನ್ನು ಅರಿಯಬೇಕಾದರೆ ಅಲ್ಲಿಯ ಒಂದು ಮನೆಯ ಮಗನಾಗಿ ಮಗಳಾಗಿ ಇರಬೇಕು ಎಂಬುದೇ ಅದರ ಮೂಲ. ಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಆಂಬ್ಯುಲೆನ್ಸ್ ಚಾಲಕರ ಅಮೆರಿಕನ್ ಫೀಲ್ಡ್ ಸರ್ವೀಸ್ 1947ರಿಂದ ಶಾಲಾ ಮಕ್ಕಳನ್ನು ದೇಶದಿಂದ ದೇಶಕ್ಕೆ ಕಳಿಸಿ ಮನೆಗಳಲ್ಲಿ ಇರಿಸುತ್ತ ಬಂದಿದೆ. ರೋಟರಿಯ ಯುವ ವಿನಿಮಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇರುವುದು ವಾಡಿಕೆ. ಬ್ರಿಟನ್ನಿನಲ್ಲಿ 1987ರಲ್ಲಿ ಶುರುವಾದ 'ಹೋಸ್ಟ್' ವಿದೇಶಿ ವಿದ್ಯಾರ್ಥಿಗಳನ್ನು ಒಂದು ದಿನಕ್ಕೋ ವಾರಾಂತ್ಯಕ್ಕೋ ಕ್ರಿಸ್‌ಮಸ್ ರಜೆಗೋ ಅಲ್ಲಿಯ ಮನೆಗಳಿಗೆ ಕಳಿಸುವ ಕೆಲಸ ಮಾಡಿತು. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಸ್ನೇಹ ಕುಟುಂಬ ಎಂಬ ಏರ್ಪಾಟಿದೆ: ಹುಡುಗ ಹಾಸ್ಟೆಲಿನಲ್ಲೇ ಇರುತ್ತಾನೆ, ಆ ಕುಟುಂಬ ಆಗಾಗ ಊಟಕ್ಕೆ, ಹಬ್ಬಕ್ಕೆ ಕರೆಯುತ್ತದೆ. ಇದನ್ನು ಹಣ ಕೊಟ್ಟು ಇರುವ ಹೋಮ್‌ಸ್ಟೇ ಜೊತೆ ಬೆರೆಸಿ "ಅವರು ದುಡ್ಡಿಗಾಗಿ ಇಟ್ಟುಕೊಳ್ತಾರೆ" ಎನ್ನುವವರಿದ್ದಾರೆ. ಅದು ಬಾಡಿಗೆ, ಇದು ಸ್ನೇಹ. ಎರಡೂ ಬೇರೆ. ಅಮೆರಿಕ ಸರ್ಕಾರದ ವಿನಿಮಯ ವೀಸಾದಲ್ಲಿ ಹೋಗುವ ಹೈಸ್ಕೂಲು ಮಕ್ಕಳನ್ನು ಮನೆಯಲ್ಲಿಟ್ಟುಕೊಳ್ಳುವವರಿಗಂತೂ ಸಂಬಳವೇ ಇಲ್ಲ.

ಇಷ್ಟು ಇದ್ದೂ ಈ ನಂಬಿಕೆ ಎಲ್ಲಿಂದ ಬಂತು? ಕರೆಯುವ ರೀತಿಯಲ್ಲಿರುವ ಒಂದು ಸಣ್ಣ ವ್ಯತ್ಯಾಸದಿಂದ ಎಂದು ನನ್ನ ಅಭಿಪ್ರಾಯ. ಹೋದ ಹೊಸದರಲ್ಲಿ ಪಕ್ಕದ ಮನೆಯವರು "ಒಂದು ದಿನ ನೀವು ನಮ್ಮಲ್ಲಿಗೆ ಬರಬೇಕು" ಎನ್ನುತ್ತಾರೆ. ಹುಡುಗ ತಿಂಗಳು ಕಾಯುತ್ತಾನೆ, ಯಾರೂ ಕರೆಯುವುದಿಲ್ಲ. ಬರೀ ಬಾಯಿಮಾತು ಎಂದು ಊರಿಗೆ ಹೇಳುತ್ತಾನೆ. ಆದರೆ ಮೇಟುಪಾಳ್ಯದ ಬಸ್ಸಿನಲ್ಲಿ ಎದುರಾದ ಪರಿಚಯದವರಿಗೆಲ್ಲ ನಾವು "ಮನೆಗೆ ಬನ್ನಿ" ಎನ್ನುವುದಿಲ್ಲವೇ? ಅವರಲ್ಲಿ ಎಷ್ಟು ಜನ ನಾಳೆ ಬೆಳಗ್ಗೆ ಬಂದು ಕೂರಬೇಕೆಂದು ನಾವು ಬಯಸುತ್ತೇವೆ? ಅದು ಪ್ರೀತಿಯ ಮಾತು, ಅಷ್ಟೆ. ಅವರದೂ ಅಷ್ಟೆ. ತಾರೀಕು, ಗಂಟೆ ಹೇಳಿ ಕರೆದರೆ ಅದು ನಿಜವಾದ ಕರೆ. ನಮ್ಮಲ್ಲಿ ಹೇಳದೆ ಬಂದವರಿಗೆ ಸಾರಿಗೆ ನೀರು ಬೆರೆಸಿ ಬಡಿಸುವುದು ಆದರ. ಅಲ್ಲಿ ನೀನು ಬರುವೆಯೆಂದು ಮೊದಲೇ ತಿಳಿದು ನಿನಗೆಂದು ಅಡುಗೆ ಮಾಡುವುದು ಆದರ. ಜರ್ಮನಿಯಲ್ಲಿ ಏಳು ಗಂಟೆ ಎಂದರೆ ಏಳು ಗಂಟೆಯೇ. ಏಳೂವರೆಗೆ ಹೋದವನು, ಅದರಲ್ಲೂ ಹೇಳದೆ ಇಬ್ಬರು ರೂಮ್‌ಮೇಟುಗಳನ್ನು ಜೊತೆಗೆ ಕರೆದುಕೊಂಡು ಹೋದವನು, ಮುಂದಿನ ಸಲ ಕರೆ ಬರಲಿಲ್ಲ ಎಂದು ಅವರನ್ನು ದೂರುವುದು ಸರಿಯಲ್ಲ.

ಬಡಿಸುವ ವಿಷಯದಲ್ಲೂ ಇದೇ. ನಮ್ಮವರಿಗೆ ಮೊದಲ ಸಲ "ಬೇಡ" ಎನ್ನುವುದು ಮರ್ಯಾದೆ, ಮೂರನೆಯ ಸಲಕ್ಕೆ ಕೈ ಹಿಂದೆಗೆಯುವುದು ರೂಢಿ. ಅಲ್ಲಿಯವರು ಬೇಡ ಎಂದರೆ ಬೇಡ ಎಂದೇ ತಿಳಿಯುತ್ತಾರೆ. ಇನ್ನೊಮ್ಮೆ ಒತ್ತಾಯ ಮಾಡುವುದೇ ಅವರಿಗೆ ಅಸಭ್ಯ. ಹುಡುಗ ಅರೆಹೊಟ್ಟೆಯಲ್ಲಿ ಬಂದು "ಇನ್ನೊಂದು ಸಲ ಕೇಳಲೂ ಇಲ್ಲ" ಎಂದು ಅಮ್ಮನಿಗೆ ಫೋನಿನಲ್ಲಿ ಹೇಳುತ್ತಾನೆ. ಅಮ್ಮ ಆ ಮಾತನ್ನು ನೀರಿನ ಕೊಳಾಯಿಯ ಹತ್ತಿರ ನಾಲ್ಕು ಜನಕ್ಕೆ ಹೇಳುತ್ತಾಳೆ. ಊರಿಗೊಂದು ಹೊಸ ಸಾಕ್ಷಿ ಸಿಕ್ಕಿತು.

ಇಂಥ ತಪ್ಪು ತಿಳಿವಳಿಕೆ ಬಿಳಿಯರಿಗೂ ನಮಗೂ ನಡುವೆ ಮಾತ್ರ ಆಗುತ್ತದೆ ಎಂದುಕೊಳ್ಳಬೇಡಿ. ಪಕ್ಕದ ಈರೋಡಿನಲ್ಲಿ ಹುಟ್ಟಿದ ಗಣಿತಜ್ಞ ರಾಮಾನುಜನ್ 1914ರಲ್ಲಿ ಕೇಂಬ್ರಿಜ್‌ಗೆ ಹೋದರು. ಅಲ್ಲಿದ್ದಾಗ ಒಮ್ಮೆ ಕೆಲವು ಭಾರತೀಯ ಗೆಳೆಯರನ್ನು ಊಟಕ್ಕೆ ಕರೆದು ತಾವೇ ಅಡುಗೆ ಮಾಡಿದರು. ಬಂದ ಹೆಂಗಸರು ಎರಡು ಸಲ ಬಡಿಸಿಕೊಂಡು, ಮೂರನೆಯ ಸಲ ಸಾಕು ಎಂದರು. ರಾಮಾನುಜನ್ ಎದ್ದು ಹೊರಗೆ ಹೋದವರು ತಿರುಗಿ ಬರಲೇ ಇಲ್ಲ. ಆಕ್ಸ್‌ಫರ್ಡಿಗೆ ಹೋಗಿಬಿಟ್ಟಿದ್ದರು, ಕೆಲವು ದಿನ ಬಿಟ್ಟು ಮರಳಿದರು. ತಮ್ಮ ಅಡುಗೆ ಹಿಡಿಸಲಿಲ್ಲವೆಂದು ಅಷ್ಟು ನೊಂದಿದ್ದರು. ಬಡಿಸಿದವರೂ ಉಂಡವರೂ ಇಂಡಿಯಾದವರೇ. ಉಪಚಾರದ ಲೆಕ್ಕ ಮಾತ್ರ ಬೇರೆ.

ಅದೇ ರಾಮಾನುಜನ್ ಇಂಗ್ಲೆಂಡಿನಲ್ಲಿ ಕಾಲಿಟ್ಟ ಮೊದಲ ವಾರಗಳನ್ನು ಕಳೆದದ್ದು ಎಲ್ಲಿ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಮದರಾಸಿಗೆ ಬಂದಿದ್ದಾಗ ಅವರನ್ನು ಹೊರಡಲು ಒಪ್ಪಿಸಿದ್ದ ಎರಿಕ್ ನೆವಿಲ್ ಎಂಬ ಯುವ ಗಣಿತಜ್ಞ ಲಂಡನ್ನಿನಿಂದ ಅವರನ್ನು ಕರೆತಂದು ಕೇಂಬ್ರಿಜ್‌ನ ಚೆಸ್ಟರ್‌ಟನ್ ರಸ್ತೆಯ ತಮ್ಮ ಮನೆಯಲ್ಲೇ ಇರಿಸಿಕೊಂಡರು. ಹೊಸ ಬೂಟು ಕಾಲು ಕಚ್ಚುತ್ತಿದ್ದುದು, ಪರಿಚಯವಿಲ್ಲದ ತರಕಾರಿಗಳು ಗಂಟಲಿಗಿಳಿಯದೆ ಇದ್ದುದು ಎಲ್ಲವನ್ನೂ ನೆವಿಲ್ ಗಮನಿಸಿದ್ದರು, ಮುಂದೆ ಅದರ ಬಗ್ಗೆ ಬರೆದರು. ಒಂದು ಮನೆಯಲ್ಲಿ ಒಟ್ಟಿಗೆ ಇದ್ದವರಿಗಲ್ಲದೆ ಬೂಟು ಕಚ್ಚುವುದು ಯಾರಿಗೆ ಕಾಣುತ್ತದೆ? ಆಮೇಲೆ ಅನುಕೂಲಕ್ಕೆಂದು ಕಾಲೇಜಿನ ಕೋಣೆಗೆ ಹೋದರು. ಅದೇ ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಆಚೆಗಿನ ಒಂಟಿತನದ, ಕಾಯಿಲೆಯ ಕತೆ ಎಲ್ಲರಿಗೂ ಗೊತ್ತು. ಅದನ್ನೇ ಎಲ್ಲರೂ ಹೇಳುತ್ತಾರೆ, ನೆವಿಲ್ ಮನೆಯ ಕತೆಯನ್ನು ಯಾರೂ ಹೇಳುವುದಿಲ್ಲ.

ಇನ್ನು, ಹೋಗಿ ಬಂದವರೇ ಹೇಳುತ್ತಾರಲ್ಲ ಎಂಬ ವಾದ. ಅವರ ಮಾತನ್ನು ತಳ್ಳಿಹಾಕಬಾರದು, ಆದರೆ ಎಷ್ಟು ದಿನ ಇದ್ದು ಹೇಳುತ್ತಿದ್ದಾರೆ ಎಂದು ಕೇಳಬೇಕು. ಸ್ವೆರೆ ಲಿಸ್‌ಗಾರ್ಡ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞ ಅಮೆರಿಕದಲ್ಲಿ ಓದಿ ಬಂದ 200 ನಾರ್ವೆಯವರನ್ನು ವಿಚಾರಿಸಿ 1955ರಲ್ಲಿ ಒಂದು ಲೇಖನ ಬರೆದರು. ಆರು ತಿಂಗಳೊಳಗೆ ಮರಳಿದವರು ಹಿಗ್ಗಿನಲ್ಲಿದ್ದರು. ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು. ನಡುವಿನವರೇ ಎಲ್ಲರಿಗಿಂತ ಹೆಚ್ಚು ಒಂಟಿಯಾಗಿದ್ದವರು, ಅಲ್ಲಿಯವರ ಜೊತೆ ಬೆರೆಯಲಾಗದವರು. ಮುಂದಿನ ಸಂಶೋಧಕರು ಎಲ್ಲರಿಗೂ ಇದು ಇಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ ಎಂದು ತೋರಿಸಿದ್ದಾರೆ, ಸರಿ. ಆದರೆ ಎರಡು ಸಂಗತಿ ಗಮನಿಸಿ. ಇಲ್ಲಿ ಬೇರೆ ಊರಿನಲ್ಲಿ ಒಂಟಿಯಾದವರು ಬಿಳಿಯರೇ, ಬಿಳಿಯರ ನಾಡಿನಲ್ಲೇ. ಒಂಟಿತನಕ್ಕೆ ಬಣ್ಣ ಮಾತ್ರವೇ ಕಾರಣವಲ್ಲ. ಎರಡನೆಯದು, ಬ್ರಿಟನ್ನಿನ ಸ್ನಾತಕೋತ್ತರ ಓದು ಸಾಮಾನ್ಯವಾಗಿ ಒಂದೇ ವರ್ಷದ್ದು. ನಮ್ಮ ಎಷ್ಟೋ ಮಕ್ಕಳು ಸರಿಯಾಗಿ ಆ ನಡುವಿನ ಒಂಟಿತನದ ತಗ್ಗಿನಲ್ಲಿರುವಾಗಲೇ ಗಂಟುಮೂಟೆ ಕಟ್ಟಿ ಬರುತ್ತಾರೆ. ಅವರು ತರುವ ಸುದ್ದಿ ಆ ತಗ್ಗಿನ ಸುದ್ದಿ.

ಆ ಒಂದು ವರ್ಷವನ್ನೂ ಅವರು ಹೇಗೆ ಕಳೆದರು? ಅಮೆರಿಕದಲ್ಲೇ 2024–25ರಲ್ಲಿ 3,63,000 ಭಾರತೀಯ ವಿದ್ಯಾರ್ಥಿಗಳಿದ್ದರು. ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮವರದೇ ದೊಡ್ಡ ಗುಂಪು. ಆದ್ದರಿಂದ ಇಂದು ಆ ದೇಶದ ಒಬ್ಬರ ಹೆಸರನ್ನೂ ತಿಳಿಯದೆ ಅಲ್ಲಿ ಎರಡು ವರ್ಷ ಬದುಕಿ ಬರುವುದು ಸಾಧ್ಯ. ಗಾಂಧೀಜಿಗೆ ಆ ಸೌಕರ್ಯ ಇರಲಿಲ್ಲ. ಒಂದು ಮನೆಯಲ್ಲಿ ಆರೇಳು ಜನ ನಮ್ಮವರು, ಅಡುಗೆ ನಮ್ಮದು, ರಾತ್ರಿ ಗಂಟೆಗಟ್ಟಲೆ ಊರಿಗೆ ವಿಡಿಯೋ ಕರೆ, ಅಮ್ಮ ಹುಳಿ ಕುದಿಸುವುದನ್ನು ನೋಡುತ್ತಾ ಊಟ. ದೇಹ ಮ್ಯಾಂಚೆಸ್ಟರಿನಲ್ಲಿ, ಮನಸ್ಸು ಕಾರಮಡೈಯ ಅಡುಗೆಮನೆಯಲ್ಲಿ. ಕೆಲವು ಏಜೆಂಟರು ಇದನ್ನೇ ಸೌಲಭ್ಯವೆಂದು ಮಾರುತ್ತಾರೆ: ನಮ್ಮವರೇ ಇರುವ ಮನೆ, ನಮ್ಮ ಊಟ, ಹೊರಗಿನವರ ಗೊಡವೆ ಇಲ್ಲ. ಹೀಗೆ ಇದ್ದು ಬಂದವನು ಅಲ್ಲಿಯವರು ಬಾಗಿಲು ತೆರೆಯಲಿಲ್ಲ ಎಂದರೆ, ನೀನು ಯಾವ ಬಾಗಿಲು ತಟ್ಟಿದೆ ಎಂದು ಕೇಳುವ ಹಕ್ಕು ನಮಗಿದೆ.

ನಮ್ಮವರ ಜೊತೆ ಇರಬಾರದು ಎಂದಲ್ಲ. ಹವಾಯಿಯ ಈಸ್ಟ್-ವೆಸ್ಟ್ ಸೆಂಟರಿನ ವಿದ್ಯಾರ್ಥಿಗಳ ಸ್ನೇಹಗಳನ್ನು ಅಧ್ಯಯನ ಮಾಡಿದ ಸ್ಟೀಫನ್ ಬಾಕ್ನರ್ ಮತ್ತು ಜೊತೆಗಾರರು 1977ರಲ್ಲೇ ಹೇಳಿದ್ದು ಇದು: ಹೊರನಾಡಿನ ವಿದ್ಯಾರ್ಥಿಗೆ ತನ್ನ ದೇಶದವರು, ಆ ದೇಶದವರು, ಬೇರೆ ದೇಶಗಳಿಂದ ಬಂದ ಅವನಂಥವರು ಎಂಬ ಮೂರು ಬಳಗಗಳಿರುತ್ತವೆ, ಮೂರಕ್ಕೂ ಬೇರೆ ಬೇರೆ ಕೆಲಸ. ಜ್ವರ ಬಂದಾಗ ಗಂಜಿ ಕಾಯಿಸಿಕೊಡಲು, ದೀಪಾವಳಿಗೆ ಜೊತೆಯಾಗಲು ನಮ್ಮವರು ಬೇಕು. ಆದರೆ ಮನೆ ಬಾಡಿಗೆಯ ಕರಾರಿನಲ್ಲಿ ಏನು ಬರೆದಿದೆ, ಯಾವ ಡಾಕ್ಟರ ಬಳಿ ಹೋಗಬೇಕು, ಪ್ರೊಫೆಸರು ಹೇಳಿದ "ಕುತೂಹಲಕಾರಿಯಾಗಿದೆ" ಎಂಬುದು ಹೊಗಳಿಕೆಯೋ ತೆಗಳಿಕೆಯೋ ಎಂದು ಹೇಳಿಕೊಡುವವರು ಅಲ್ಲಿಯವರೇ. ಮೂರನ್ನೂ ಇಟ್ಟುಕೊಂಡವನು ಗಟ್ಟಿ.

ನನಗೆ ಎಲ್ಲಕ್ಕಿಂತ ನೋವಾಗುವುದು ಈ ಬುದ್ಧಿಮಾತು ಕಾರಮಡೈಯ ಕನ್ನಡ ಮನೆಗಳಲ್ಲಿ ಹುಟ್ಟುತ್ತಿದೆಯಲ್ಲ ಎಂದು. ನಮ್ಮ ಹಿರಿಯರು ಮೈಸೂರು ಸೀಮೆಯಿಂದ ಇಳಿದು ಬಂದವರು ಎಂಬುದು ನಮ್ಮ ಮನೆಮನೆಯ ಮಾತು. 1799ರವರೆಗೆ ಕೊಯಮತ್ತೂರು ಸೀಮೆ ಮೈಸೂರಿನ ಆಳ್ವಿಕೆಯಲ್ಲೇ ಇತ್ತು. ಆಮೇಲೆ ಗಡಿಗಳು ಬದಲಾದವು, ನಾವು ಇಲ್ಲೇ ಉಳಿದೆವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ನಮ್ಮಲ್ಲಿ ಎಷ್ಟೋ ಜನಕ್ಕೆ ಕನ್ನಡ ಅಕ್ಷರ ಬಾರದು, ಶಾಲೆಯಲ್ಲಿ ಕಲಿತದ್ದೆಲ್ಲ ತಮಿಳಿನಲ್ಲೇ. ನೆರೆಯವರು ಬಾಗಿಲು ತೆರೆಯದೆ ಇದ್ದಿದ್ದರೆ ಇಷ್ಟು ತಲೆಮಾರು ಇಲ್ಲಿ ಬೇರು ಬಿಡುವುದು ಆಗುತ್ತಿತ್ತೇ? ಮಾಸಿ ತಿಂಗಳಲ್ಲಿ ರಂಗನಾಥಸ್ವಾಮಿಯ ತೇರು ಎಳೆಯುವಾಗ ಹಗ್ಗ ಹಿಡಿದ ಕೈಗಳಲ್ಲಿ ತಮಿಳು ಮಾತಾಡುವವರು, ಕನ್ನಡದವರು, ತೆಲುಗಿನವರು, ಬೆಟ್ಟದಿಂದ ಇಳಿದು ಬಂದ ಬಡಗರು, ಇರುಳರು ಎಲ್ಲರೂ ಇರುತ್ತಾರೆ. ಪಂಜು ಹಿಡಿಯುವ ಪಂದ ಸೇವೆಯ ದಿನ ಯಾರ ಮನೆಯಲ್ಲಿ ಯಾರು ಉಂಡರು ಎಂದು ಲೆಕ್ಕ ಇಟ್ಟವರುಂಟೇ? ಬೇರೆ ನುಡಿಯವರ ನಡುವೆ ತನ್ನತನ ಬಿಡದೆ, ಅವರನ್ನೂ ಬಿಡದೆ ಬದುಕುವುದನ್ನು ನಮ್ಮ ಮಕ್ಕಳು ಮೂರನೆಯ ವಯಸ್ಸಿನಲ್ಲೇ ಕಲಿತಿರುತ್ತಾರೆ. ಲಂಡನ್ನಿಗೆ ಬೇಕಾದ ಜಾಣತನವೂ ಅದೇ. ಅಂಥ ಮಗುವಿಗೆ ಹೊರಡುವ ಹೊತ್ತಿನಲ್ಲಿ "ಹೊರಗಿನವರ ಹತ್ತಿರ ಹೋಗಬೇಡ" ಎನ್ನುವುದು ನಮ್ಮ ಹಿರಿಯರ ಬಾಳಿಗೇ ಮಾಡುವ ಅವಮಾನ.

ಹಾಗೆಂದು ಮುಚ್ಚಿದ ಬಾಗಿಲುಗಳೇ ಇಲ್ಲವೆಂದಲ್ಲ, ಅವೂ ಇವೆ. 2009ರಲ್ಲಿ ಮೆಲ್ಬರ್ನಿನಲ್ಲಿ ನಮ್ಮ ವಿದ್ಯಾರ್ಥಿಗಳ ಮೇಲೆ ನಡೆದ ಹಲ್ಲೆಗಳು ನಿಜ. 2025ರ ಜುಲೈಯಲ್ಲಿ ಡಬ್ಲಿನ್ನಿನ ಟಾಲಾ ಎಂಬಲ್ಲಿ ಒಬ್ಬ ಭಾರತೀಯನನ್ನು ರಕ್ತ ಬರುವಂತೆ ಹೊಡೆದದ್ದೂ ನಿಜ. ಆ ಸುದ್ದಿ ನಮ್ಮ ಫೋನುಗಳಿಗೆಲ್ಲ ಬಂತು. ಆ ಹೊತ್ತಿನಲ್ಲಿ ಅವನ ಪಕ್ಕ ನಿಂತು, ಆಮೇಲೆ ಎಲ್ಲರೆದುರು ಬಾಯಿಬಿಟ್ಟು ಹೇಳಿದವಳೂ ಅದೇ ಊರಿನ ಹೆಂಗಸು, ಅವನ ಪರವಾಗಿ ನೂರಾರು ಜನ ಅಲ್ಲಿ ಮೆರವಣಿಗೆ ಮಾಡಿದರು ಎಂಬುದು ಎಷ್ಟು ಫೋನುಗಳಿಗೆ ಬಂತು? ಕೆಟ್ಟ ಕಾಲದಲ್ಲಿ ಪರದೇಶದ ಹುಡುಗನಿಗೆ ಮೊದಲ ಆಸರೆ ಆ ಬೀದಿಯಲ್ಲಿ ಅವನ ಹೆಸರು ಗೊತ್ತಿರುವ ಒಂದು ಮನೆ. ಆದ್ದರಿಂದ ಹೆದರಿಕೆ ಇದ್ದರೆ ಪರಿಚಯ ಇನ್ನೂ ಹೆಚ್ಚು ಬೇಕು.

ಉಳಿದ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಹದಿನೆಂಟಾದ ಕೂಡಲೇ ಮಕ್ಕಳನ್ನು ಮನೆಯಿಂದ ಅಟ್ಟುತ್ತಾರೆ ಎಂಬುದು ಸುಳ್ಳು: ಇಟಲಿಯ ಮಕ್ಕಳು ಮನೆ ಬಿಡುವುದು ಸರಾಸರಿ ಮೂವತ್ತರ ಹೊತ್ತಿಗೆ, ಕೋವಿಡ್ ಕಾಲದ 2020ರಲ್ಲಿ ಅಮೆರಿಕದ 18ರಿಂದ 29ರ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಂದೆತಾಯಿಯ ಜೊತೆಯಲ್ಲೇ ಇದ್ದರು. ಮುದುಕರನ್ನೆಲ್ಲ ಆಶ್ರಮಕ್ಕೆ ತಳ್ಳುತ್ತಾರೆ ಎಂಬುದೂ ಸುಳ್ಳು, ಅಮೆರಿಕದ 65 ದಾಟಿದವರಲ್ಲಿ ನರ್ಸಿಂಗ್ ಹೋಮಿನಲ್ಲಿರುವವರು ನೂರಕ್ಕೆ ಐದರಷ್ಟೂ ಇಲ್ಲ. ಸಸ್ಯಾಹಾರಿಗಳು ಅಲ್ಲಿ ಉಪವಾಸ ಬೀಳಬೇಕು ಎನ್ನುವವರಿಗೆ, ಬ್ರಿಟನ್ನಿನ ಸಸ್ಯಾಹಾರಿಗಳ ಸಂಘ ಹುಟ್ಟಿದ್ದೇ 1847ರಲ್ಲಿ ಎಂದು ಹೇಳಿ. ಕರೆ ಒಪ್ಪಿಕೊಳ್ಳುವಾಗಲೇ ಮಾಂಸ, ಮೀನು, ಮೊಟ್ಟೆ ಮೂರನ್ನೂ ಹೆಸರಿಸಿ ಹೇಳಿದರೆ ಸಾಕು. ಅಪರಿಚಿತರು ಮಾತಾಡಿಸಿದರೆ ಅಲ್ಲಿಯವರಿಗೆ ಹಿಡಿಸುವುದಿಲ್ಲ ಎಂಬುದನ್ನು ಅಲ್ಲಿಯವರೂ ನಂಬಿದ್ದಾರೆ, ಅದೂ ತಪ್ಪೇ: ಷಿಕಾಗೋದ ರೈಲು ಬಸ್ಸುಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಅವರ ಪ್ರಯೋಗಗಳಲ್ಲಿ, ಪಕ್ಕದವರನ್ನು ಮಾತಾಡಿಸಿದವರ ಪ್ರಯಾಣವೇ ಸುಮ್ಮನೆ ಕೂತವರ ಪ್ರಯಾಣಕ್ಕಿಂತ ಹಿತವಾಗಿತ್ತು.

ನಂಬುವುದಕ್ಕೆ ಮುಂಚೆ ಒಂದು ಪ್ರಶ್ನೆಯನ್ನೂ ಕೇಳದ ಈ ಚಾಳಿ ನಮ್ಮಲ್ಲಿ ಬೆಳೆಯುತ್ತಲೇ ಇದೆ. ಹತ್ತು ದಿನದ ಪ್ಯಾಕೇಜ್ ಟೂರಿನಲ್ಲಿ ಐದು ದೇಶ ನೋಡಿ ಬಂದವರ ಮಾತು ಶಾಸನವಾಗುತ್ತದೆ. ಅಲ್ಲಿಯ ಒಂದು ಮನೆಯವರ ಜೊತೆ ಬೆರೆತು ವರ್ಷಗಳನ್ನು ಕಳೆದ ಹುಡುಗಿ ಬಂದು ನಿಜ ಹೇಳಿದರೆ "ಅವಳು ಅಲ್ಲಿಯವಳೇ ಆಗಿಬಿಟ್ಟಳು" ಎಂದು ತಳ್ಳಿಹಾಕುತ್ತೇವೆ. ಬೆರೆಯದವನ ಸಾಕ್ಷಿ ಒಪ್ಪಿಗೆ, ಬೆರೆತವಳ ಸಾಕ್ಷಿ ತಿರಸ್ಕಾರ ಎಂದ ಮೇಲೆ ಆ ನಂಬಿಕೆ ಸುಳ್ಳಾಗುವ ದಾರಿಯೇ ಉಳಿಯಲಿಲ್ಲ. ತೋಟಕ್ಕೆ ಹೊಸ ಬಾಳೆ ತಳಿ ತರುವಾಗ ನಾಲ್ಕು ಜನ ರೈತರನ್ನು ಕೇಳಿ, ಬೆಳೆದ ತೋಟಕ್ಕೇ ಹೋಗಿ ನೋಡಿ ಬರುವ ಜನ ನಾವು. ಮಗನ ಬಾಳಿನ ವಿಷಯಕ್ಕೆ ವಾಟ್ಸಾಪಿನಲ್ಲಿ ಯಾರೋ ತಳ್ಳಿದ ಎರಡು ಸಾಲು ಸಾಕಾಗುವುದು ಹೇಗೆ?

ಈ ವರ್ಷ ಹೊರಡುವವರು ಇಷ್ಟನ್ನಾದರೂ ಮಾಡಿ. ಹೊರಡುವ ಮೊದಲೇ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಬರೆದು, ಸ್ನೇಹ ಕುಟುಂಬದ ಏರ್ಪಾಟು ಇದೆಯೇ, ಅರ್ಜಿಗೆ ಕೊನೆಯ ದಿನ ಯಾವುದು ಎಂದು ಕೇಳಿ. ಕೆಲವು ಕಡೆ ಶುರುವಿನ ವಾರಗಳಲ್ಲೇ ಪಟ್ಟಿ ಮುಗಿಯುತ್ತದೆ. ಜರ್ಮನಿಗೆ ಹೋಗುವವರು ಅಲ್ಲಿಯ ಫೆರೈನ್ ಎಂಬ ಸಂಘಗಳಲ್ಲಿ ಒಂದಕ್ಕೆ ಸೇರಿ. ಆ ದೇಶದಲ್ಲಿ ನೋಂದಾಯಿತ ಸಂಘಗಳೇ ಆರು ಲಕ್ಷ ಇವೆ: ಹಾಡುವವರದು, ಬೆಟ್ಟ ಹತ್ತುವವರದು, ಚೆಂಡಾಡುವವರದು. ಬ್ರಿಟನ್ನಿನಲ್ಲೂ ಜರ್ಮನಿಯಲ್ಲೂ ಊರಿನವರು ತುಂಡು ತುಂಡು ನೆಲ ಬಾಡಿಗೆಗೆ ಹಿಡಿದು ತರಕಾರಿ ಬೆಳೆಯುವ ತೋಟಗಳಿವೆ. ಬಾಳೆ, ಕರಿಬೇವಿನ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಅಲ್ಲಿ ಮಾತು ತಾನಾಗಿ ಬರುತ್ತದೆ. ಅಮೆರಿಕಕ್ಕೆ ಹೋಗುವವರು ನವೆಂಬರಿನ ನಾಲ್ಕನೆಯ ಗುರುವಾರವನ್ನು ಗುರುತು ಹಾಕಿಕೊಳ್ಳಿ. ಅಂದು ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಹಾಸ್ಟೆಲು ಖಾಲಿಯಾಗುತ್ತದೆ, ಊಟದ ಹಾಲ್ ಮುಚ್ಚಿರುವುದೂ ಉಂಟು, ವಿದೇಶಿ ವಿದ್ಯಾರ್ಥಿಗಳನ್ನು ಮನೆಗೆ ಕರೆಯುವ ಕುಟುಂಬಗಳ ಪಟ್ಟಿ ಅಕ್ಟೋಬರಿನಲ್ಲೇ ತಯಾರಾಗತೊಡಗುತ್ತದೆ. ಅದರಲ್ಲಿ ಹೆಸರು ಬರೆಸಿ, ಹೇಳಿದ ಹೊತ್ತಿಗೆ ಹೋಗಿ, ಮೊದಲ ಸಲ ಬಡಿಸಲು ಬಂದಾಗಲೇ ಹೂಂ ಎನ್ನಿ.